ಅರ್ಧ ದಾರಿ ನಡೆಯದ ವಾಕ್ಯ

ಪತ್ರ ಬಂದದ್ದು ಮಂಗಳವಾರ. ಅದರಲ್ಲಿದ್ದದ್ದು ನಾಲ್ಕೇ ಸಾಲು. ನಮ್ಮ ಓದು ನೆರವಿನ ಕೋಣೆಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಮೇಲೆ ನಕಲು ಮಾಡಿದ ಆರೋಪ ಬಂದಿದೆ, ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ, ಅವಳಿಗೆ ನೆರವಾಗುತ್ತಿದ್ದವರು ಎಂಬ ಕಾರಣಕ್ಕೆ ತಾವೂ ಹಾಜರಿರಬೇಕು. ಹೆಸರಿನ ಜಾಗದಲ್ಲಿ ಬರೀ ನೋಂದಣಿ ಸಂಖ್ಯೆ. ಭೇಟಿ ಪುಸ್ತಕ ತೆಗೆದು ಬೆರಳಿಟ್ಟು ಹುಡುಕಿದೆ. ಆ ಸಂಖ್ಯೆಯ ಮುಂದಿದ್ದ ಸಹಿ ನೋಡಿದವಳು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ.

ಅದು ಚುಕ್ಕಾಣಿಯ ಸಹಿ.

ಅವಳಿಗೆ ಆ ಹೆಸರು ಬಿದ್ದದ್ದು ವಿಶ್ವವಿದ್ಯಾಲಯದ ದೋಣಿ ತಂಡದಲ್ಲಿ. ಎಂಟು ಜನ ಆಳೆತ್ತರದ ಹುಡುಗಿಯರು ಹುಟ್ಟು ಹಾಕುತ್ತಾರೆ. ಹಿಂತುದಿಯಲ್ಲಿ ಇವಳೊಬ್ಬಳು ಕೂತು, ದಿಕ್ಕು ನೋಡಿಕೊಂಡು, ಲಯ ತಪ್ಪದ ಹಾಗೆ ಕೂಗು ಹಾಕುತ್ತಾಳೆ. ಆಳು ಗುಬ್ಬಿಯಷ್ಟು, ಗಂಟಲು ಮಾತ್ರ ಗುಡುಗು. ಸರೋವರದ ಆಚೆ ದಡದಲ್ಲಿ ನಡೆದುಹೋಗುವವರೂ ಅವಳ ಕೂಗಿಗೆ ಹೆಜ್ಜೆ ಹಾಕುತ್ತಾರೆಂದು ಅವರ ತಂಡದವರು ಆಡಿಕೊಳ್ಳುತ್ತಿದ್ದರು. ಶನಿವಾರ ಅವರ ಪಂದ್ಯವಿತ್ತು. ಆ ಪಂದ್ಯಕ್ಕಾಗಿ ಅವರು ವರ್ಷವಿಡೀ ಚುಮುಚುಮು ಚಳಿಯಲ್ಲಿ ಎದ್ದು ನೀರಿಗಿಳಿದಿದ್ದರು. ನಕಲು ಮಾಡಿದ್ದು ನಿಜವೆಂದಾದರೆ ಆ ಪತ್ರಿಕೆಗೆ ಸೊನ್ನೆ, ಒಂದು ವರ್ಷ ಯಾವ ತಂಡಕ್ಕೂ ಯಾವ ಕೂಟಕ್ಕೂ ಸೇರುವಂತಿಲ್ಲ. ಅದಕ್ಕಿಂತ ದೊಡ್ಡದು, ಕಡತದಲ್ಲಿ ಕದ್ದವಳು ಎಂದು ಬರೆದುಬಿಡುತ್ತಾರೆ. ಮುಂದೆ ಕೆಲಸ ಕೇಳಿಕೊಂಡು ಎಲ್ಲಿಗೆ ಹೋದರೂ ಆ ಮಾತು ಇವಳಿಗಿಂತ ಮುಂಚೆ ಅಲ್ಲಿ ತಲುಪಿರುತ್ತದೆ.

ನನಗೆ ನಂಬಲಾಗಲಿಲ್ಲ. ಆ ಪ್ರಬಂಧ ಹುಟ್ಟಿದ್ದು ನನ್ನ ಕಣ್ಣೆದುರಿನಲ್ಲೇ.

ನಾನು ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ನಿವೃತ್ತಿಯಾದ ಮೇಲೆ, ಗ್ರಂಥಾಲಯದ ಕೆಳಮಹಡಿಯಲ್ಲಿರುವ ಈ ಕೋಣೆಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ಕೂರುತ್ತಿದ್ದೆ. ಬರೆಯಲು ತಡವರಿಸುವ ಮಕ್ಕಳು ಬರುತ್ತಾರೆ. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ: ನೆರವು ಕೊಡುವವರು ಪೆನ್ನು ಮುಟ್ಟುವಂತಿಲ್ಲ, ಮಗುವಿನ ಹಾಳೆಯ ಮೇಲೆ ಒಂದು ಚುಕ್ಕೆ ಕೂಡ ಇಡುವಂತಿಲ್ಲ. ಎರಡೂ ಕೈ ಮಡಿಲಲ್ಲಿರಬೇಕು. ಕರಡು ತಿದ್ದಿ ತಿದ್ದಿ ಅಭ್ಯಾಸವಾದ ಕೈ, ಕಾಗುಣಿತ ತಪ್ಪಿದ್ದನ್ನು ಕಂಡರೆ ತುರಿಸುತ್ತದೆ. ಆದರೂ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನ ಕೈ ಮಡಿಲು ಬಿಟ್ಟಿರಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಗುರುವಾರ ಹತ್ತೂ ಮುಕ್ಕಾಲಿಗೆ ನಾನು ಆಡಳಿತ ಕಟ್ಟಡದ ಮೆಟ್ಟಿಲು ಹತ್ತುವಾಗ, ಎರಡನೇ ಮಹಡಿಯ ತಿರುವಿನಲ್ಲಿ ಎಂಟು ಜನ ಹುಡುಗಿಯರು ಒಂದೇ ಬಣ್ಣದ ಜಾಕೆಟ್ ಹಾಕಿಕೊಂಡು ಸಾಲಾಗಿ ಕೂತಿದ್ದರು. ಒಬ್ಬಳು ಪುಸ್ತಕ ತಲೆಕೆಳಗಾಗಿ ಹಿಡಿದಿದ್ದಳು.

"ಇಲ್ಲಿ ಏನು ಮಾಡ್ತಿದೀರಮ್ಮ?" ಎಂದೆ.

"ಓದ್ಕೊತಿದೀವಿ ಅಜ್ಜಿ. ಇಲ್ಲಿ ಗಾಳಿ ಚೆನ್ನಾಗಿದೆ."

ಆ ತಿರುವಿನಲ್ಲಿ ಕಿಟಕಿಯೇ ಇರಲಿಲ್ಲ. ನಾನು ಮೇಲೆ ಹೋದೆ.

ವಿಚಾರಣೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಚುಕ್ಕಾಣಿ ಕೂತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನನ್ನನ್ನು ಕಂಡವಳೇ ಬಾಣಲೆಯಿಂದ ಸಾಸಿವೆ ಸಿಡಿದ ಹಾಗೆ ಎದ್ದಳು.

"ನೀವ್ಯಾಕೆ ಬಂದ್ರಿ ಅಜ್ಜಿ?"

"ಬರೋಕೆ ಹೇಳಿದಾರಲ್ಲ ಮಗಾ. ನೀನು ಹೆದರಬೇಡ, ನಾನು ಹೇಳ್ತೀನಿ. ನೀನು ಬರೆದಿದ್ದು ನಾನು ಕಣ್ಣಾರೆ ನೋಡಿದೀನಿ."

"ಏನೂ ಹೇಳಬೇಡಿ. ದಯವಿಟ್ಟು ಹೋಗಿ. ಮೈ ಸರಿಯಿಲ್ಲ ಅಂತ ಹೇಳಿ ಹೋಗ್ಬಿಡಿ."

ಅವಳು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು.  ಹಾಗಾದರೆ ಈ ಹುಡುಗಿ ನನ್ನಿಂದ ಏನೋ ಮುಚ್ಚಿಟ್ಟಿದ್ದಾಳೆಯೇ? ಎರಡು ತಿಂಗಳು ನನ್ನೆದುರು ಕೂತು ಬರೆದದ್ದೆಲ್ಲ ನಾಟಕವೇ? ಅಷ್ಟರಲ್ಲಿ ಬಾಗಿಲು ತೆರೆದು ಕಾರ್ಯದರ್ಶಿ ನಮ್ಮಿಬ್ಬರನ್ನೂ ಒಳಗೆ ಕರೆದರು.

ಉದ್ದನೆಯ ಮೇಜು. ಆ ತುದಿಯಲ್ಲಿ ಅಧ್ಯಕ್ಷರು, ಗಣಿತ ಕಲಿಸುವವರು, ಬೋಳು ತಲೆ, ಕಪ್ಪು ಚೌಕಟ್ಟಿನ ಕನ್ನಡಕ. ಅವರ ಎಡಕ್ಕೆ ದೂರು ಕೊಟ್ಟ ಇತಿಹಾಸದ ಮೇಷ್ಟ್ರು. ನಲವತ್ತು ದಾಟಿರದ ಮನುಷ್ಯ, ಉಗುರು ಕಚ್ಚುವ ಚಟ. ಕಾರ್ಯದರ್ಶಿ ಕಂಪ್ಯೂಟರಿನ ಮುಂದೆ ಕೂತು ಎಲ್ಲರ ಮಾತನ್ನೂ ಬೆರಳಚ್ಚು ಮಾಡಿಕೊಳ್ಳಬೇಕು. ಆಕೆ ಅದಕ್ಕೂ ಮುಂಚೆ ಎದ್ದು ಬಂದು, ನನ್ನ ಕಣ್ಣಿಗೆ ಬಿಸಿಲು ಬೀಳದಂತೆ ಪರದೆಯನ್ನು ಎಳೆದು, ಹುಡುಗಿಯ ಮುಂದೆ ಒಂದು ಲೋಟ ನೀರಿಟ್ಟು ಹೋದರು. ಇಟ್ಟದ್ದು ಬೇರೆ ಯಾರಿಗೂ ಕಾಣಲಿಲ್ಲ. ಅಂಥವರಿಂದಲೇ ಇಂಥ ಕೋಣೆಗಳಲ್ಲಿ ಉಸಿರಾಡಲು ಸಾಧ್ಯ.

ಮೇಷ್ಟ್ರು ಶುರು ಮಾಡಿದರು. ಪ್ರಬಂಧಗಳೆಲ್ಲ ಒಂದು ಕಂಪ್ಯೂಟರ್ ಜರಡಿಯಲ್ಲಿ ಹಾದುಹೋಗುತ್ತವೆ, ಹಳೆಯ ಬರಹಗಳ ಜೊತೆ ಹೋಲಿಕೆ ಕಂಡರೆ ಜರಡಿ ಹಿಡಿದಿಡುತ್ತದೆ. ಈ ಪ್ರಬಂಧದಲ್ಲಿ ಒಂದು ವಾಕ್ಯವನ್ನು ಹಿಡಿದಿದೆ. ಅಕ್ಷರಕ್ಕೆ ಅಕ್ಷರ ಅದೇ ವಾಕ್ಯ ಕಳೆದ ವರ್ಷದ ಒಂದು ಪ್ರಬಂಧದಲ್ಲೂ, ಅದರ ಹಿಂದಿನ ವರ್ಷದ ಇನ್ನೊಂದರಲ್ಲೂ ಇದೆ. ಆ ಮೊದಲನೆಯದನ್ನು ಹೋಲಿಸಲು ಆಗ ಏನೂ ಇರಲಿಲ್ಲ, ಹಾಗಾಗಿ ಅದು ಸಿಕ್ಕಿಬಿದ್ದಿರಲಿಲ್ಲ.

"ಒಂದೇ ವಾಕ್ಯಕ್ಕೆ ಇಷ್ಟೆಲ್ಲಾನಾ?" ಎಂದರು ಅಧ್ಯಕ್ಷರು.

"ಸರಿಯಾದ ವಾಕ್ಯ ಆಗಿದ್ರೆ ನಾನೂ ಬಿಟ್ಬಿಡ್ತಿದ್ದೆ ಸಾರ್. ಸರಿಯಾಗಿದ್ದದ್ದು ಇಬ್ಬರಿಗೂ ಹೊಳೀಬಹುದು. ಇದು ತಪ್ಪು ವಾಕ್ಯ. ಎರಡು ಮಾತನ್ನ ತಂದು ಅಡ್ಡಾದಿಡ್ಡಿ ಗಂಟು ಹಾಕಿದಾರೆ. ಮೂರು ಜನಕ್ಕೆ ಒಂದೇ ತಪ್ಪು ಹೆಂಗೆ ಹೊಳೆಯುತ್ತೆ? ಹಾಸ್ಟೆಲ್‌ನಲ್ಲಿ ಯಾರೋ ಒಂದು ಪ್ರಬಂಧ ಇಟ್ಕೊಂಡು ವರ್ಷಾವರ್ಷ ಕೈ ಬದಲಾಯಿಸ್ತಿದಾರೆ. ಕಳೆದ ವರ್ಷದ ಹುಡುಗ ಒಪ್ಪಿಕೊಂಡೂ ಆಗಿದೆ."

ಅಧ್ಯಕ್ಷರು ಚುಕ್ಕಾಣಿಯ ಕಡೆ ತಿರುಗಿದರು. "ಆ ವಾಕ್ಯ ನಿನ್ನದೇನಮ್ಮ?"

"ಅಲ್ಲ ಸಾರ್."

ನಾನು ಬೆಚ್ಚಿಬಿದ್ದೆ.

"ಮತ್ತೆ ಯಾರದ್ದು?"

ಅವಳು ಮೇಜಿನ ಮೇಲಿನ ಗೀರು ನೋಡುತ್ತ ಕೂತಳು. 

"ಯಾರಿಂದ ತಗೊಂಡೆ ಹೇಳು. ಹೇಳಿದ್ರೆ ನಿನಗೇ ಒಳ್ಳೇದು."

"ಹೇಳಲ್ಲ ಸಾರ್."

"ಶನಿವಾರ ಪಂದ್ಯ ಇದೆಯಂತೆ. ಹೊರಗೆ ಮೆಟ್ಟಿಲ ಮೇಲೆ ನಿನ್ನ ಸೈನ್ಯ ಬೇರೆ ಕೂತಿದೆ. ಅವರ ಮುಖ ನೋಡಿಯಾದರೂ ಹೇಳ್ತೀಯಾ?"

ಅವಳು ತಲೆಯಲ್ಲಾಡಿಸಿದಳು. ಲೋಟ ಎತ್ತಿಕೊಂಡವಳು ಕುಡಿಯದೆ ಹಾಗೇ ಇಟ್ಟಳು.

ಅಧ್ಯಕ್ಷರು ನಿಟ್ಟುಸಿರಿಟ್ಟು ನನ್ನ ಕಡೆ ನೋಡಿದರು. "ಅಮ್ಮ, ಈಕೆ ನಿಮ್ಮಲ್ಲಿಗೆ ಹನ್ನೊಂದು ಸಲ ಬಂದಿದಾಳೆ ಅಂತ ಪುಸ್ತಕದಲ್ಲಿದೆ. ನೀವೇನಾದ್ರೂ ಹೇಳೋದಿದ್ರೆ ಹೇಳಿ."

ಚುಕ್ಕಾಣಿ ಮೇಜಿನ ಕೆಳಗೆ ನನ್ನ ಸೆರಗು ಹಿಡಿದೆಳೆದಳು. ನಾನು ಬಿಡಿಸಿಕೊಂಡೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

"ಹೇಳ್ತೀನಿ," ಎಂದೆ. "ಈ ಹುಡುಗಿ ಮೊದಲನೇ ದಿನ ಬಂದಾಗ ಒಂದು ಪುಟ ಬರೆಯೋಕೆ ಮೂರು ಗಂಟೆ ತಗೊಂಡಳು. ಕಡೇ ದಿನ ನನ್ನ ಎದುರಿಗೇ ನಾಲ್ಕು ಪುಟ ಬರೆದಳು. ಹಾಸ್ಟೆಲ್‌ನ ಪ್ರಬಂಧ ಕೈಯಲ್ಲಿದ್ದಿದ್ರೆ ಬೆರಳು ನೋಯೋ ಹಾಗೆ ಹೊಡೆದುಹಾಕಿ ಹೊಡೆದುಹಾಕಿ ಯಾಕೆ ಬರೀತಿದ್ಲು? ಮೇಷ್ಟ್ರು ಏನೋ ಹೇಳ್ತಿದಾರೆ. ಆದ್ರೆ ಒರೆಗೆ ಹಚ್ಚಿ ನೋಡಿದರೆ ಈ ಮಾತು ಅರ್ಧ ದಾರಿಯವರೆಗೂ ನಡೆಯೋದಿಲ್ಲ."

ಕಾರ್ಯದರ್ಶಿಯ ಬೆರಳು ನಿಂತಿತು.

ಅಲ್ಲಿಯವರೆಗೆ ಒಂದೇ ಸಮನೆ ಕೇಳಿಸುತ್ತಿದ್ದ ಟಕಟಕ ಸದ್ದು ನಿಂತಾಗ, ಕೋಣೆಯಲ್ಲಿ ಗಡಿಯಾರವಿದೆಯೆಂದು ನನಗೆ ಗೊತ್ತಾಯಿತು. ಇತಿಹಾಸದ ಮೇಷ್ಟ್ರು ಬಾಯಿಯಿಂದ ಬೆರಳು ತೆಗೆದಿದ್ದರು. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ಚುಕ್ಕಾಣಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ನಾನು ಏನೋ ಕೆಟ್ಟ ಮಾತಾಡಿದೆನೇನೋ ಎಂದುಕೊಂಡೆ. "ತಪ್ಪು ತಿಳೀಬೇಡಿ ಮೇಷ್ಟ್ರೇ. ನಿಮಗೆ ಅಂದಿದ್ದಲ್ಲ..."

"ಅಮ್ಮ," ಎಂದರು ಅಧ್ಯಕ್ಷರು ಮೆಲ್ಲಗೆ, "ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳ್ತೀರಾ?"

"ಯಾವುದು?"

ಕಾರ್ಯದರ್ಶಿ ಎದ್ದು ಬಂದು, ಅಧ್ಯಕ್ಷರ ಮುಂದಿದ್ದ ಹಾಳೆಯನ್ನು ತಂದು ನನ್ನ ಮುಂದಿಟ್ಟು, ಹಳದಿ ಬಣ್ಣ ಬಳಿದಿದ್ದ ಸಾಲಿನ ಕೆಳಗೆ ಬೆರಳಿಟ್ಟರು.

*ಒರೆಗೆ ಹಚ್ಚಿ ನೋಡಿದರೆ ಈ ಮಾತು ಅರ್ಧ ದಾರಿಯವರೆಗೂ ನಡೆಯುವುದಿಲ್ಲ.*

ಓದಿದೆ. ಮತ್ತೆ ಓದಿದೆ. ಮೂರನೇ ಸಲ ಓದುವಾಗ ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಅದು ನನ್ನ ಮಾತು. ಮನೆಯಲ್ಲಿ, ಅಚ್ಚುಕೂಟದಲ್ಲಿ, ತರಕಾರಿಯವನ ಹತ್ತಿರ, ಎಲ್ಲಿ ಯಾರು ಒಪ್ಪದ ಮಾತಾಡಿದರೂ ನನ್ನ ಬಾಯಿಂದ ಬರುವ ಮಾತು. "ಒರೆಗಲ್ಲಿಗೆ ಹಚ್ಚೋದು ಚಿನ್ನಾನ. ಚಿನ್ನ ಎಲ್ಲಾದ್ರೂ ದಾರಿ ನಡೆಯುತ್ತೇನೇ?" ಎಂದು ನನ್ನ ಅಣ್ಣ ಬದುಕಿರುವವರೆಗೂ ಗೇಲಿ ಮಾಡುತ್ತಿದ್ದ. ಇನ್ನೊಬ್ಬರ ಬರಹದಲ್ಲಿ ಒಂದು ಪದ ಎರಡು ಸಲ ಬಂದರೆ ಕೆಂಪು ಗೆರೆ ಎಳೆಯುತ್ತಿದ್ದವಳು ನಾನು. ನನ್ನ ನಾಲಿಗೆಯ ಮೇಲೆ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದ ವಾಕ್ಯ ನನಗೇ ಕೇಳಿಸಿರಲಿಲ್ಲ.

ಮಕ್ಕಳು ಯಾವಾಗಲೂ ತಡೆದು ನಿಲ್ಲುವುದು ಒಂದೇ ಕಡೆ. ದೊಡ್ಡ ವಿದ್ವಾಂಸರು ಹೇಳಿದ್ದನ್ನು ಬರೆದುಬಿಡುತ್ತಾರೆ. ಅದನ್ನು ಒಪ್ಪುವುದಿಲ್ಲ ಎಂದು ಬರೆಯಲು ಹಿಂಜರಿಯುತ್ತಾರೆ. ಆಗ ನಾನು, "ಒಪ್ತೀಯೋ ಇಲ್ವೋ?" ಎನ್ನುತ್ತೇನೆ. "ಒಪ್ಪಲ್ಲ ಅಜ್ಜಿ." "ಹಾಗಂತ ಬರಿ. ಒರೆಗೆ ಹಚ್ಚಿ ನೋಡಿದರೆ..." ಮುಂದಿನದು ತಾನಾಗಿ ಬರುತ್ತಿತ್ತು. ಪೆನ್ನು ಓಡುತ್ತಿತ್ತು. ನನಗೆ ಖುಷಿಯಾಗುತ್ತಿತ್ತು. ನಾಲ್ಕು ವರ್ಷ ಕೈ ಕಟ್ಟಿಕೊಂಡು ಕೂತಿದ್ದೆ. ಬಾಯಿ ಕಟ್ಟಿಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಇದು ನಂದು," ಎಂದೆ.  "ಈ ತಪ್ಪು ವಾಕ್ಯ ನಂದು."

ಚುಕ್ಕಾಣಿ ಬಿಕ್ಕಿದಳು. "ಅದಕ್ಕೇ ಹೋಗಿ ಅಂದಿದ್ದು ನಾನು!"

"ನಿನಗೆ ಗೊತ್ತಿತ್ತಾ?"

"ಗೊತ್ತಿರದೆ ಏನು? ನಮಗೆಲ್ಲಾ ಗೊತ್ತು. ನಾವೆಲ್ಲಾ ನಿಮ್ಮನ್ನ ಅಣಕಿಸೋದೇ ಆ ಮಾತಿಂದ. ದೋಣೀಲಿ ಯಾರಾದ್ರೂ ಕೈ ಸೋತು ಕೂತ್ರೆ, ಒರೆಗೆ ಹಚ್ಚಿ ನೋಡಿದರೆ ಈ ಕೈ ಅರ್ಧ ದಾರಿಯವರೆಗೂ ನಡೆಯೋದಿಲ್ಲ ಅಂತ ಕೂಗ್ತೀನಿ." ಅವಳು ಮೂಗೊರೆಸಿಕೊಂಡಳು. "ನಿಮ್ಮ ಹೆಸರು ಹೇಳಿದ್ರೆ ಆ ಕೋಣೆ ಮುಚ್ತಾರೆ. ಮುಚ್ಚಿದ್ರೆ ಮುಂದಿನ ವರ್ಷ ಬರೋರು ಎಲ್ಲಿಗೆ ಹೋಗ್ತಾರೆ ಅಜ್ಜಿ? ನಾನು ಒಂದು ವರ್ಷ ದಡದಲ್ಲಿ ಕೂತಿದ್ರೆ ಏನಾಗ್ತಿತ್ತು?"

ಅವಳ ಮೇಲೆ ಅನುಮಾನಪಟ್ಟ ಆ ಐದು ನಿಮಿಷ ನೆನೆದು ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಇಪ್ಪತ್ತು ವರ್ಷದ ಹುಡುಗಿ ಕದ್ದವಳೆಂಬ ಹೆಸರನ್ನು ಹೊರಲು ತಯಾರಾಗಿ ಬಂದಿದ್ದಳು, ಅದೂ ನನ್ನ ಮಾತಿಗಾಗಿ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಇತಿಹಾಸದ ಮೇಷ್ಟ್ರ ಜೊತೆ ಪಕ್ಕದ ಕೋಣೆಗೆ ಹೋಗಿ ಹತ್ತು ನಿಮಿಷಕ್ಕೆ ಬಂದರು. ಆರೋಪ ಕೈಬಿಡಲಾಗಿದೆ, ಕಡತದಲ್ಲಿ ಏನೂ ಇರುವುದಿಲ್ಲ, ಶನಿವಾರ ಹುಡುಗಿ ದೋಣಿ ಹತ್ತಬಹುದು. ನೆರವಿನ ಕೋಣೆಗೆ ಹೊಸ ನಿಯಮ ಬರೆಯುವವರೆಗೆ ಬಾಗಿಲು ಹಾಕಿರಬೇಕು. ನಾನು ತಲೆಯಾಡಿಸಿದೆ. ಚುಕ್ಕಾಣಿ ಅಧ್ಯಕ್ಷರಿಗೆ ಕೈಮುಗಿದು, ನನ್ನ ಭುಜಕ್ಕೆ ಹಣೆ ತಾಗಿಸಿ, ಓಡಿದಳು. ಮೆಟ್ಟಿಲ ಕಡೆಯಿಂದ ಎಂಟು ಗಂಟಲು ಒಟ್ಟಿಗೆ ಕಿರುಚಿದ್ದು ಕೇಳಿಸಿತು. "ಗಾಳಿ ಜೋರಾಗಿದೆ," ಎಂದು ಕಾರ್ಯದರ್ಶಿ ತಮ್ಮಷ್ಟಕ್ಕೆ ಹೇಳಿಕೊಂಡು ಬಾಗಿಲು ಹಾಕಿದರು. ಮೆಟ್ಟಿಲ ಮೇಲಿನ ಓದಿನ ವಿಚಾರ ಅವರಿಗೂ ತಿಳಿದಿತ್ತು.

ನಾನು ಏಳಲು ಹೋದೆ. ಮೇಷ್ಟ್ರು ಮಾತ್ರ ಎದ್ದಿರಲಿಲ್ಲ. ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು.

"ಕಳೆದ ವರ್ಷದ ಹುಡುಗ," ಎಂದರು. "ಅವನೂ ನಿಮ್ಮಲ್ಲಿಗೆ ಬರ್ತಿದ್ನಾ?"

ಕಾರ್ಯದರ್ಶಿ ಕಡತ ತಂದರು. ಫೋಟೋ ನೋಡಿದೆ. ಏಣಿ! ಅಷ್ಟು ಉದ್ದದ ಹುಡುಗ ನಮ್ಮ ಬಾಗಿಲಲ್ಲಿ ಬಗ್ಗದೆ ಒಳಗೆ ಬರಲು ಆಗುತ್ತಿರಲಿಲ್ಲ. ನಕ್ಷತ್ರ ನೋಡುವ ಕೂಟದ ದೂರದರ್ಶಕ ಅವನ ಉಸ್ತುವಾರಿಯಲ್ಲಿತ್ತು. ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸಲು ಯಾರಿಗೂ ಬಿಡುತ್ತಿರಲಿಲ್ಲ, ಅದಕ್ಕೆಂದೇ ಮೆತ್ತನೆಯ ಬಟ್ಟೆ ಇಟ್ಟುಕೊಂಡಿದ್ದ. ಒಂದು ದಿನ ನನಗೆ ಚಂದ್ರನ ಮೇಲಿನ ಗುಳಿಗಳನ್ನು ತೋರಿಸಲು, ಕಣ್ಣಿಟ್ಟು ನೋಡುವ ಭಾಗವನ್ನು ನನ್ನ ಎತ್ತರಕ್ಕೆ ಇಳಿಸಿ, ತಾನು ಮಂಡಿಯೂರಿ ಕೂತು ಹಿಡಿದುಕೊಂಡಿದ್ದ. ವರ್ಷವೆಲ್ಲ ಬಂದವನು ಇದ್ದಕ್ಕಿದ್ದಂತೆ ಬರುವುದು ಬಿಟ್ಟ. ಆಮೇಲೆ ಬಸ್‌ ನಿಲ್ದಾಣದಲ್ಲಿ ಒಮ್ಮೆ ಕಂಡಾಗ ಮುಖ ತಿರುಗಿಸಿಕೊಂಡ. ಕೆಲಸ ಮುಗೀತು, ಇನ್ನು ಈ ಮುದುಕಿ ಯಾಕೆ ಬೇಕು ಎಂದುಕೊಂಡಿದ್ದಾನೆ ಎಂದು ನಾನು ಮನಸ್ಸಿನಲ್ಲೇ ಬೈದಿದ್ದೆ. ಬೈದದ್ದಷ್ಟೇ ಅಲ್ಲ, ಮರೆತೂಬಿಟ್ಟಿದ್ದೆ.

ಕಡತದಲ್ಲಿ ಅವನ ಕೈಬರಹದ ಒಂದು ಹಾಳೆ. *ಆ ವಾಕ್ಯ ನನ್ನದಲ್ಲ. ಬೇರೆಯವರದ್ದು. ತಪ್ಪಾಯಿತು.* ಅದರ ಕೆಳಗೆ ಮೊಹರು. ಸೊನ್ನೆ ಅಂಕ. ಕೂಟದಿಂದ ಹೊರಗೆ. ಮುಂದಿನ ಪುಟದಲ್ಲಿ, ಓದು ಬಿಟ್ಟು ಹೋಗಿದ್ದಾನೆ ಎಂಬ ಒಂದು ಸಾಲು.

"ಇದನ್ನ ಒಪ್ಪಿಗೆ ಅಂತ ಓದಿದವನು ನಾನು," ಎಂದರು ಮೇಷ್ಟ್ರು. "ಯಾರದ್ದು ಅಂತ ಕೇಳಿದೆ. ಬಾಯಿ ಬಿಡಲಿಲ್ಲ. ಸೊಕ್ಕು ಅಂದುಕೊಂಡೆ."

 ಅಧ್ಯಕ್ಷರು ಕಡತವನ್ನು ತಮ್ಮ ಕಡೆ ಎಳೆದುಕೊಂಡು, "ಇದನ್ನ ಮತ್ತೆ ತೆರೀಬೇಕು. ಅವನಿಗೆ ಪತ್ರ ಹಾಕೋಣ," ಎಂದರು.

"ಪತ್ರ ಬೇಡ ಸಾರ್," ಎಂದೆ. "ನಿಮ್ಮ ಕಚೇರಿಯ ಲಕೋಟೆ ಹೇಗಿರುತ್ತೆ ಅಂತ ನಾನು ಮಂಗಳವಾರ ನೋಡಿದೀನಿ. ಆ ಮಗು ಅದನ್ನ ಒಡೆಯೋದೇ ಇಲ್ಲ."

ಅವನ ಫೋನ್ ನಂಬರನ್ನು ನನಗೆ ಕೊಡುವಂತಿರಲಿಲ್ಲ. ಕಾರ್ಯದರ್ಶಿ ಯಾರನ್ನೂ ಕೇಳದೆ ಮೇಜಿನ ಫೋನೆತ್ತಿ ತಾವೇ ಒತ್ತಿದರು. ಯಾರು, ಎಲ್ಲಿಂದ ಎಂದು ಹೇಳಿ, "ಇಲ್ಲೊಬ್ಬ ಅಜ್ಜಿ ಇದಾರೆ. ನೀವು ಒಪ್ಪಿದ್ರೆ ಮಾತ್ರ ಕೊಡ್ತೀನಿ," ಎಂದು ಕಾದರು. ಬಹಳ ಹೊತ್ತು ಕಾದರು. ಆಮೇಲೆ ಫೋನನ್ನು ನನ್ನ ಕೈಗಿತ್ತರು.

ಆ ಕಡೆ ಯಂತ್ರಗಳ ಗುಂಯ್‌ಗುಡುವ ಸದ್ದು. ನೀರು ಹರಿಯುವ ಸದ್ದು.

"ಎಲ್ಲಿದೀಯೋ ಏಣಿ?"

"ಅಂಗಡೀಲಿ ಅಜ್ಜಿ. ನಮ್ಮದೇ ಲಾಂಡ್ರಿ. ಅಮ್ಮ ಇಸ್ತ್ರಿ ಮಾಡ್ತಾರೆ, ನಾನು ಒಗೆಯೋದು ನೋಡ್ಕೋತೀನಿ." ಅವನು ದನಿ ತಗ್ಗಿಸಿದ. "ಸಾರಿ ಅಜ್ಜಿ. ಅವತ್ತು ಬಸ್ ಸ್ಟಾಪಲ್ಲಿ ಮಾತಾಡಿಸಲಿಲ್ಲ. ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅನ್ನಿಸ್ತು."

"ನೀನು ಯಾಕೋ ಸಾರಿ ಹೇಳ್ತೀಯ?"

"ನಿಮ್ಮ ಮಾತನ್ನ ಹೇಳದೆ ಕೇಳದೆ ಎತ್ತಿ ನನ್ನ ಹಾಳೆ ಮೇಲೆ ಇಟ್ಕೊಂಡೆ. ಚೆನ್ನಾಗಿತ್ತು, ಅದಕ್ಕೆ. ಮೇಷ್ಟ್ರು ಕದ್ದಿದ್ದಾ ಅಂದಾಗ ಯೋಚನೆ ಮಾಡಿದೆ. ಹೌದಲ್ವಾ, ಕದ್ದ ಹಾಗೇ ತಾನೇ ಅನ್ನಿಸ್ತು."

 ಈ ಹುಡುಗ ನನ್ನನ್ನು ಕಾಪಾಡಲಷ್ಟೇ ಬಾಯಿ ಮುಚ್ಚಿಕೊಂಡಿರಲಿಲ್ಲ. ತಾನು ಕಳ್ಳನೆಂದೇ ನಂಬಿ ಒಂದು ವರ್ಷ ಬದುಕಿದ್ದ.

"ಅದು ನಾನು ಕೊಟ್ಟಿದ್ದು ಕಣೋ," ಎಂದೆ. "ನನ್ನ ಬಾಯಿಂದ ಬಿದ್ದಿದ್ದನ್ನ ನೀನು ಎತ್ಕೊಂಡೆ. ಕಲಿಯೋರು ಮಾಡೋದೇ ಅದು. ಎಚ್ಚರ ಇರಬೇಕಾಗಿದ್ದು ನನಗೆ, ನಿನಗಲ್ಲ. ನೀನು ಕದ್ದಿಲ್ಲ."

ಆ ಕಡೆ ನೀರಿನ ಸದ್ದು ನಿಂತಿತು; ಅವನು ನಲ್ಲಿ ತಿರುಗಿಸಿದ್ದಿರಬೇಕು.

"ಅಧ್ಯಕ್ಷರು ಇಲ್ಲೇ ಇದಾರೆ. ನಿನ್ನ ಕಡತ ಮತ್ತೆ ತೆರೀತಾರಂತೆ. ಮೇಷ್ಟ್ರೂ ಇದಾರೆ, ನಿನ್ನ ಹತ್ತಿರ ಮಾತಾಡಬೇಕು ಅಂತ ನಿಂತಿದಾರೆ. ಕೇಳಿಸ್ತಿದೆಯಾ?"

"ಅಜ್ಜಿ," ಎಂದ ಏಣಿ.  "ಮೇಷ್ಟ್ರು ಆಮೇಲೆ. ಮೊದಲು ಅಮ್ಮನಿಗೆ ಕೊಡ್ತೀನಿ, ಅವರಿಗೆ ಹೇಳಿ. ನಾನು ಹೇಳಿದ್ರೆ ಸಮಾಧಾನ ಮಾಡ್ತಿದಾನೆ ಅಂದ್ಕೋತಾರೆ."

ಏನೋ ಭಾರದ್ದನ್ನು ಲೋಹದ ಮೇಲೆ ಇಟ್ಟ ಸದ್ದು. ಹೆಜ್ಜೆಗಳು. ದಣಿದ ಹೆಂಗಸಿನ ದನಿ, ಮತ್ತೇನು ಗ್ರಹಚಾರವೋ ಎಂಬಂತೆ: "ಹಲೋ? ಕಾಲೇಜಿಂದಾನಾ? ಮತ್ತೇನು ಮಾಡಿದ ನನ್ನ ಮಗ?"

"ಏನೂ ಮಾಡಿಲ್ಲಮ್ಮ," ಎಂದೆ. "ಆಗಲೂ ಏನೂ ಮಾಡಿರಲಿಲ್ಲ. ನಿಮ್ಮ ಮಗ ಕದ್ದಿಲ್ಲ. ತಪ್ಪು ನಂದು."

ಆಕೆ ಫೋನನ್ನು ಕಿವಿಯಿಂದ ದೂರ ಹಿಡಿದು ಯಾರಿಗೋ, "ಆ ಮೆಷಿನ್ ನಿಲ್ಲಿಸು," ಎಂದದ್ದು ಕೇಳಿಸಿತು. ಗುಂಯ್‌ಗುಡುವ ಸದ್ದು ಒಂದೊಂದಾಗಿ ಇಳಿದು, ಅಂಗಡಿಯೆಲ್ಲ ನಿಶ್ಶಬ್ದವಾಯಿತು.

"ಈಗ ಹೇಳಿ," ಎಂದರು ಆಕೆ. "ಇನ್ನೊಂದು ಸಲ ಹೇಳಿ."